ತಾನಾಗಿ ಬೀಳದ ಗೋಲುಕಂಬ

ನಾನು ಒಂದು ಗೋಲುಕಂಬ. ಗೋಲುಕಂಬ ತಾನಾಗಿ ಬಿತ್ತು ಎಂದು ಸರ್ಕಾರದ ಕಾಗದದಲ್ಲಿ ಬರೆದಿದ್ದಾರೆ. ಅದು ಶುದ್ಧ ಸುಳ್ಳು. ಈಗ ಶಾಲೆಯ ಅಡುಗೆಮನೆಯ ಹಿಂದೆ, ಒಡೆದ ಬೆಂಚುಗಳ ಪಕ್ಕದಲ್ಲಿ ಬಿದ್ದುಕೊಂಡಿದ್ದೇನೆ. ಬಿಸಿಯೂಟದ ಅಮ್ಮಂದಿರು ನನ್ನ ಮೇಲೆ ಒದ್ದೆ ಅರಿವೆ ಒಣಗಹಾಕುತ್ತಾರೆ. ಅದಕ್ಕೆ ನನಗೆ ಬೇಸರವಿಲ್ಲ. ಆದರೆ ಆ ಕಾಗದ ನೆನಪಾದಾಗಲೆಲ್ಲ ಮೈಯೆಲ್ಲ ಉರಿಯುತ್ತದೆ. ನನ್ನನ್ನು ಯಾರೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ಕಂಬ ಎಂದರೆ ಒಂಟಿ ಕಂಬವಲ್ಲ. ನಿಂತ ಪೈಪು ಎರಡು, ಮೇಲೆ ಉದ್ದನೆಯ ಅಡ್ಡಪೈಪು ಒಂದು, ಹಿಂದಕ್ಕೆ ನೆಲದ ಮೇಲೆ ಚಾಚಿದ ಕಾಲು ಎರಡು. ಹುಬ್ಬಳ್ಳಿಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಮೌನೇಶ ಬಡಿಗೇರ ಎಂಬಾತ ನೀರಿನ ಪೈಪು ಕತ್ತರಿಸಿ, ಬೆಸೆದು ನನ್ನನ್ನು ಮಾಡಿದ. ನನ್ನಂಥದೇ ಇನ್ನೊಂದನ್ನೂ ಮಾಡಿದ. ಹಿಂಗಾಲುಗಳಲ್ಲಿ ನಾಲ್ಕು ತೂತು ಕೊರೆದು ನಾಲ್ಕು ಕಬ್ಬಿಣದ ಗೂಟ ಕೊಟ್ಟ. ಒಯ್ಯಲು ಬಂದ ಯುವಕ ಸಂಘದವರಿಗೆ ಮೂರು ಸಲ ಹೇಳಿದ.

"ಭಾರ ಎಲ್ಲಾ ಮುಂದ ಐತಿ ನೋಡ್ರಿ. ಹಿಂದಿನ ಕಾಲಿಗೆ ಗೂಟ ಜಡೀಲಿಲ್ಲಂದ್ರ ಮುಂದಕ್ಕ ಬೀಳತೈತಿ."

ಇದು ನನ್ನ ಹುಟ್ಟುಗುಣ. ಮುಚ್ಚಿಡಲಿಲ್ಲ, ಮೋಸ ಮಾಡಲಿಲ್ಲ. ಹುಟ್ಟಿದ ದಿನವೇ ಎಲ್ಲರ ಎದುರು ಹೇಳಿಸಿಕೊಂಡೆ.

ಸಂಘದವರು ಒಂದು ಟೂರ್ನಮೆಂಟು ಮಾಡಿದರು. ಗೂಟ ಜಡಿದರು, ಐದು ದಿನ ಗಟ್ಟಿಯಾಗಿ ನಿಂತೆ. ಆಮೇಲೆ ನನ್ನ ಜೊತೆಯದನ್ನು ತಾವಿಟ್ಟುಕೊಂಡು ನನ್ನನ್ನು ಸರ್ಕಾರಿ ಪ್ರೌಢಶಾಲೆಗೆ ದಾನ ಕೊಟ್ಟರು. ದಾನ ಕೊಡುವಾಗ ಹಾರ ಹಾಕಿಕೊಂಡರು, ಭಾಷಣ ಮಾಡಿದರು. ಗೂಟಗಳನ್ನು ಮಾತ್ರ ಆ ಮೈದಾನದ ನೆಲದಲ್ಲೇ ಬಿಟ್ಟು ಬಂದಿದ್ದರು. ಅವನ್ನು ಯಾರೋ ಎಮ್ಮೆ ಕಟ್ಟಲು ಕಿತ್ತುಕೊಂಡು ಹೋದರಂತೆ.

ಶಾಲೆಯ ಮೈದಾನದಲ್ಲಿ ಒಂದು ತುದಿಗೆ ನಾನು, ಇನ್ನೊಂದು ತುದಿಗೆ ಎರಡು ಕಲ್ಲು. ಅಲ್ಲಿ ನದಾಫ ಸರ್ ಇದ್ದರು. ದೈಹಿಕ ಶಿಕ್ಷಕರು. ಹುಡುಗಿಯರ ಫುಟ್ಬಾಲ್ ತಂಡ ಕಟ್ಟಿದವರು. ನಾನು ಹೋದ ದಿನವೇ ಹಿಂದೆ ನಿಂತು ನನ್ನನ್ನು ಎರಡೂ ಕೈಯಿಂದ ದಬ್ಬಿದರು. ನಾನು ಮುಂದಕ್ಕೆ ವಾಲಿದೆ. ಅವರು ಹೋಗಿ ನಾಲ್ಕು ಸಿಮೆಂಟಿನ ಖಾಲಿ ಚೀಲ ತಂದು, ಉಸುಕು ತುಂಬಿ, ಬಾಯಿ ಹೊಲಿದು, ನನ್ನ ಹಿಂಗಾಲ ಮೇಲೆ ಹೇರಿದರು. ಮತ್ತೆ ದಬ್ಬಿದರು. ನಾನು ಕದಲಲಿಲ್ಲ. ಉಳ್ಳಾಗಡ್ಡಿ ಚೀಲಗಳನ್ನು ಬಿಚ್ಚಿ ಒಂದಕ್ಕೊಂದು ಹೊಲಿದು ನನಗೆ ಬಲೆ ಮಾಡಿದರು. ಆ ಬಲೆಯಲ್ಲಿ ವರ್ಷವಿಡೀ ಉಳ್ಳಾಗಡ್ಡಿ ವಾಸನೆ ಬರುತ್ತಿತ್ತು.

ಅಂದಿನಿಂದ ಅದೇ ಪದ್ಧತಿ. ಬೆಳಿಗ್ಗೆ ಆರಕ್ಕೆ ಹುಡುಗಿಯರು ಬಂದ ಕೂಡಲೇ ಸರ್ ಹೇಳುತ್ತಿದ್ದರು: "ಮೊದಲ ಕಂಬ ದಬ್ರಿ. ಆಮ್ಯಾಲ ಚೆಂಡ ಮುಟ್ರಿ." ಇಬ್ಬರು ಹಿಂದಿನಿಂದ ದಬ್ಬಬೇಕು. ಅಲುಗಿದರೆ ಆಟವಿಲ್ಲ, ಚೀಲ ಸರಿಮಾಡಬೇಕು. ಹೊಸದಾಗಿ ಬಂದ ಹುಡುಗಿಯರು ನಗುತ್ತಿದ್ದರು. ಎರಡು ವಾರದಲ್ಲಿ ಅವರಿಗೂ ಅದು ಹಲ್ಲುಜ್ಜಿದಷ್ಟು ಸಹಜವಾಗುತ್ತಿತ್ತು.

ತಂಡ ಕಟ್ಟುವುದೆಂದರೆ ಸೀಟಿ ಊದುವುದು ಎಂದುಕೊಂಡವರು ನದಾಫ ಸರ್ ಅವರ ಒಂದು ದಿನವನ್ನು ನೋಡಬೇಕಿತ್ತು. ಹದಿನಾರು ಹುಡುಗಿಯರು, ಹತ್ತು ಜೊತೆ ಬೂಟು. ದೊಡ್ಡ ಬೂಟಿಗೆ ಹಳೆಯ ಪೇಪರು ತುರುಕಬೇಕು. ಮಗಳು ಚಡ್ಡಿ ಹಾಕಿ ಆಡುವುದು ಬೇಡ ಎಂದ ತಾಯಂದಿರ ಮನೆಗೆ ಹೋಗಿ, ಉದ್ದ ಲೆಗ್ಗಿನ್ಸ್ ಮೇಲೆ ಚಡ್ಡಿ ಹಾಕಲಿ ಎಂದು ಒಪ್ಪಿಸಬೇಕು. ಪಿ.ಟಿ. ಪೀರಿಯಡ್ಡನ್ನು ಗಣಿತದವರು ಕಸಿದುಕೊಂಡರೆ ಹೋಗಿ ಬೇಡಬೇಕು. ನಡುವೆ ಬಿಸಿಯೂಟದ ಮೊಟ್ಟೆ ಎಣಿಸುವುದು ಅವರ ಕೆಲಸ, ಮತದಾರರ ಪಟ್ಟಿ ಹಿಡಿದು ಮನೆಮನೆ ಅಲೆಯುವುದೂ ಅವರ ಕೆಲಸ. ಆಟ ಕಲಿಸುವುದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಶಾಲೆ ಅವರ ತಲೆಗೆ ಕಟ್ಟಿತ್ತು.

ನನ್ನ ಕೆಳಗೆ ನಿಲ್ಲುತ್ತಿದ್ದವಳು ದ್ಯಾಮವ್ವ. ಎಲ್ಲರ ಬಾಯಲ್ಲೂ ದ್ಯಾಮಿ. ಒಂಬತ್ತನೇ ಕ್ಲಾಸು. ತಂಡದಲ್ಲೇ ಎತ್ತರದ ಹುಡುಗಿ, ಗೋಲು ಕಾಯುವ ಗೋಲಿ. ಅವಳ ಅಂಗೈ ಅಗಲವಾಗಿತ್ತು, ಬೆರಳು ಉದ್ದ. ಚೆಂಡು ಅವಳ ಕೈಗೆ ಬಡಿದರೆ ಅಲ್ಲೇ ಅಂಟಿಕೊಳ್ಳುತ್ತಿತ್ತು. ಆ ವರ್ಷ ಆಗಸ್ಟ್ ಇಪ್ಪತ್ತೈದಕ್ಕೆ ತಾಲೂಕು ಮಟ್ಟದ ಪಂದ್ಯ. ಹಿಂದಿನ ವರ್ಷ ಫೈನಲಿನಲ್ಲಿ ಒಂದೇ ಗೋಲಿನಿಂದ ಸೋತಿದ್ದರು. ಈ ಸಲ ದ್ಯಾಮಿ ಇದ್ದಾಳೆ, ಜಿಲ್ಲೆಗೆ ಹೋಗಿಯೇ ಹೋಗುತ್ತೇವೆ ಎಂದು ಹದಿನಾರು ಹುಡುಗಿಯರೂ ಮೈದಾನದ ಮೇಲೆ ಆಣೆ ಇಟ್ಟುಕೊಂಡಿದ್ದರು. ನನಗೂ ಅದೇ ಆಸೆ.

ಆಗಸ್ಟ್ ಹದಿನೈದರ ಧ್ವಜಾರೋಹಣಕ್ಕೆ ಶಾಮಿಯಾನ ಬಂತು. ಅಂಗಳವನ್ನು ಆಗಷ್ಟೇ ಹೊಸ ಮುರ್ರಂ ಮಣ್ಣು ಹಾಕಿ ಸಮ ಮಾಡಿದ್ದರು. ಅಲ್ಲಿ ಗುಂಡಿ ತೋಡಬಾರದು ಎಂದು ಹೆಡ್‌ಮಾಸ್ತರ ಸೊಲಬಣ್ಣವರ ಕಟ್ಟಪ್ಪಣೆ ಮಾಡಿದರು. ಹಾಗಾದರೆ ಹಗ್ಗ ಯಾವುದಕ್ಕೆ ಕಟ್ಟುವುದು? ಶಾಮಿಯಾನದವನ ಕಣ್ಣು ನನ್ನ ಉಸುಕಿನ ಚೀಲಗಳ ಮೇಲೆ ಬಿತ್ತು. ನಾಲ್ಕನ್ನೂ ಎತ್ತಿಕೊಂಡು ಹೋದ. ಸಮಾರಂಭ ಮುಗಿದ ಮೇಲೆ ಅವು ತನ್ನವೇ ಎಂಬಂತೆ ಕುರ್ಚಿ, ಹಗ್ಗಗಳ ಜೊತೆ ಟೆಂಪೋಗೆ ಹೇರಿಕೊಂಡು ಹೊರಟೇಬಿಟ್ಟ. ಸಂಜೆ ನದಾಫ ಸರ್ ಹುಡುಗಿಯರನ್ನು ಕರೆದರು. ಎಲ್ಲರೂ ಸೇರಿ ನನ್ನನ್ನು ಮೆಲ್ಲಗೆ ಬಾಗಿಸಿ, ಮುಖ ಕೆಳಗಾಗಿ ನೆಲದ ಮೇಲೆ ಮಲಗಿಸಿದರು.

"ನಾಳಿಂದ ಮೂರು ದಿವಸ ನನಗ ಮತದಾರರ ಪಟ್ಟಿ ಕೆಲಸ ಐತಿ. ಚೀಲ ಬರೂತನಕ ಇದನ್ನ ಯಾರೂ ಎಬ್ಬಸಬ್ಯಾಡ್ರಿ," ಎಂದರು ಸರ್. ಹೆಡ್‌ಮಾಸ್ತರರಿಗೂ ಅದನ್ನೇ ಹೇಳಿದರು. ಅವರು ಮೊಬೈಲು ನೋಡುತ್ತ ತಲೆ ಆಡಿಸಿದರು.

ಹದಿನೆಂಟರಂದು ಫೋಟೋಗ್ರಾಫರ್ ಬಂದ. ಶಾಲೆಗೆ ಇಪ್ಪತ್ತೈದು ವರ್ಷ ತುಂಬಿತ್ತು, ಬೆಳ್ಳಿಹಬ್ಬದ ಸಂಚಿಕೆಯ ಮುಖಪುಟಕ್ಕೆ ಹುಡುಗಿಯರ ತಂಡದ ಚಿತ್ರ ಬೇಕಿತ್ತು. ಹುಡುಗಿಯರು ಸಾಲಾಗಿ ನಿಂತರು. ಹಿಂದೆ ಬಯಲು ಬಣಬಣ ಅನ್ನಿಸುತ್ತದೆ ಎಂದು ಹೆಡ್‌ಮಾಸ್ತರರಿಗೆ ತೋಚಿತು. ಹತ್ತನೇ ಕ್ಲಾಸಿನ ಎಂಟು ಹುಡುಗರನ್ನು ಕರೆಸಿ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಹಿಂಗಾಲ ಮೇಲೆ ಒಂದು ಹಿಡಿ ಉಸುಕೂ ಇರಲಿಲ್ಲ. ನನಗೆ ಬಾಯಿ ಇದ್ದಿದ್ದರೆ ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದೆ.

ಫೋಟೋಗ್ರಾಫರನಿಗೆ ನಿಂತ ಫೋಟೋ ಸಾಲಲಿಲ್ಲ. "ತಂಗಿ, ನೀ ಎತ್ತರ ಅದಿ. ಮ್ಯಾಲಿಂದು ಹಿಡಕೊಂಡು ಜೋತಾಡು. ಫೋಟೋ ಭಾಳ ಛಲೋ ಬರತೈತಿ," ಎಂದ.

ದ್ಯಾಮಿ ಜೋತಾಡಲು ಹೋಗಲಿಲ್ಲ. ಹಿಂದೆ ಬಂದು ಎರಡೂ ಕೈಯಿಂದ ನನ್ನನ್ನು ದಬ್ಬಿದಳು. ಇದನ್ನು ನಾನು ಸಾಯುವತನಕ ಹೇಳುತ್ತೇನೆ. ಅವಳು ದಬ್ಬಿದಳು. ನಾನು ವಾಲಿದೆ.

"ಅಳಗ್ಯಾಡಾಕತ್ತೈತ್ರಿ ಸರ್. ಹಿಂದ ಚೀಲ ಇಲ್ರಿ," ಎಂದಳು.

"ಒಂದ ಫೋಟೋಕ್ಕ ಏನಾಗತೈತಿ? ನಾವೆಲ್ಲಾ ಇಲ್ಲೇ ಅದೀವಲ್ಲ," ಎಂದರು ಹೆಡ್‌ಮಾಸ್ತರರು. ಒಂದು ಕೈ ನನ್ನ ಕಂಬದ ಮೇಲೆ ಇಟ್ಟು, ಕೋಟು ಸರಿಮಾಡಿಕೊಂಡು, ಕ್ಯಾಮೆರಾ ಕಡೆ ನಕ್ಕರು. ಹೆಡ್‌ಮಾಸ್ತರರೇ ಹೇಳಿದ ಮೇಲೆ ಒಂಬತ್ತನೇ ಕ್ಲಾಸಿನ ಹುಡುಗಿ ಇನ್ನೇನು ಮಾಡಬೇಕು? ದ್ಯಾಮಿ ಜಿಗಿದು ಅಡ್ಡಪೈಪು ಹಿಡಿದಳು. ಒಂದು ಫೋಟೋ ಆಯಿತು. ಎರಡನೆಯದಕ್ಕೆ ಫೋಟೋಗ್ರಾಫರ್ "ಸ್ವಲ್ಪ ತೂಗು" ಎಂದ.

ನಾನು ಬಿದ್ದೆ. ಹೆಡ್‌ಮಾಸ್ತರರು ಮೊದಲು ಪಕ್ಕಕ್ಕೆ ಜಿಗಿದರು. ದ್ಯಾಮಿ ಕೆಳಗೆ ಬಿದ್ದಳು, ಅವಳ ಬಲಗೈ ಮೇಲೆ ನನ್ನ ಅಡ್ಡಪೈಪು ಬಿತ್ತು. ಅವಳ ಬೆರಳಿನ ಮೂಳೆ ಮುರಿದದ್ದು ನನಗೆ ತಿಳಿಯಿತು. ನನ್ನನ್ನು ಎತ್ತಲು ಎಂಟು ಹುಡುಗರು ಓಡಿಬಂದರು. ಅಷ್ಟು ಹೊತ್ತೂ ನಾನು ಆ ಕೈಮೇಲೇ ಇದ್ದೆ. ಏನೂ ಮಾಡಲಾರದೆ ಇದ್ದೆ.

ಆಮೇಲೆ ನನ್ನನ್ನು ಎಳೆದು ಹೆಡ್‌ಮಾಸ್ತರರ ಕೋಣೆಯ ಕಿಟಕಿಯ ಕೆಳಗೆ ಹಾಕಿದರು. ಹಾಗಾಗಿ ಮರುದಿನದ ಮಾತು ಪೂರ್ತಿ ಕೇಳಿದೆ. ಟೇಬಲ್ಲಿನ ಮೇಲೆ ಎರಡು ಕಾಗದ ಇದ್ದವು. ಒಂದು, ತಾಲೂಕು ಪಂದ್ಯಕ್ಕೆ ತಂಡದ ಹೆಸರು ಕಳಿಸುವ ಅರ್ಜಿ. ಅದಕ್ಕೆ ಹೆಡ್‌ಮಾಸ್ತರರ ಸಹಿ, ಸೀಲು ಬೇಕು. ಅಂದೇ ಕಡೆಯ ದಿನ. ಇನ್ನೊಂದರಲ್ಲಿ ಹೀಗಿತ್ತು: "ಶಾಲಾ ಆವರಣದಲ್ಲಿದ್ದ ಗೋಲುಕಂಬವು ತಾನಾಗಿ ಬಿದ್ದು ವಿದ್ಯಾರ್ಥಿನಿಗೆ ಸಣ್ಣ ಪ್ರಮಾಣದ ಗಾಯವಾಗಿರುತ್ತದೆ. ಇದರಲ್ಲಿ ಯಾರ ತಪ್ಪೂ ಇರುವುದಿಲ್ಲ."

"ನೀವು ಇದಕ್ಕ ಸಹಿ ಮಾಡ್ರಿ. ನಾ ಅದಕ್ಕ ಮಾಡತೀನಿ," ಎಂದರು ಸೊಲಬಣ್ಣವರ.

"ಆಕಿ ಹೇಳಿದ್ಲಂತ್ರಿ, ಅಳಗ್ಯಾಡತೈತಿ ಅಂತ."

"ಹೇಳಿರಬಹುದು. ಹುಡುಗ್ಯಾರ ಆಡೂದು ಬ್ಯಾಡೇನು?"

ಮಾಡಬೇಡಿ ಸರ್, ಮಾಡಬೇಡಿ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಆಮೇಲೆ ಪೆನ್ನು ಕಾಗದದ ಮೇಲೆ ಓಡಿದ ಸದ್ದು ಕೇಳಿಸಿತು. ನದಾಫ ಸರ್ ಸಹಿ ಮಾಡಿದರು. ಹೆಡ್‌ಮಾಸ್ತರರ ಮೇಲೆ ನನಗೆ ಸಿಟ್ಟಿದೆ, ಆದರೆ ಅವರಿಂದ ನಾನು ಏನನ್ನೂ ನಿರೀಕ್ಷಿಸಿರಲಿಲ್ಲ. ದಿನಾ ಬೆಳಿಗ್ಗೆ ನನ್ನನ್ನು ದಬ್ಬಿ ನೋಡುತ್ತಿದ್ದ ಮನುಷ್ಯ ನನ್ನ ಮೇಲೆ ಸುಳ್ಳು ಬರೆದದ್ದು ತಡೆಯಲಾಗಲಿಲ್ಲ.

ಮೂರು ದಿನ ಬಿಟ್ಟು ದ್ಯಾಮಿ ಬಂದಳು. ಮೊಣಕೈವರೆಗೆ ಪ್ಲಾಸ್ಟರ್. ಸರ್ ನನ್ನ ಅಡ್ಡಪೈಪಿನ ಮೇಲೆ ಕುಳಿತು ಬೂಟಿಗೆ ಪೇಪರು ತುರುಕುತ್ತಿದ್ದರು.

"ಮೊದಲ ಕಂಬ ದಬ್ರಿ ಅಂತ ನೀವ ಕಲಿಸಿದ್ರಿ. ನಾ ದಬ್ಬಿದ್ನಿ. ಅಳಗ್ಯಾಡತೈತಿ ಅಂತ ಹೇಳಿದ್ನಿ. ಹೌದಿಲ್ರಿ?"

"ಹೌದವ್ವ. ಖರೇ ಐತಿ."

"ಮತ್ತ ಕಾಗದದಾಗ ಯಾಕ ಇಲ್ರಿ ಅದು?"

ಸರ್ ಬೂಟಿಗೆ ಇನ್ನೊಂದು ಪೇಪರು ತುರುಕಿದರು. ಉಳಿದ ಹುಡುಗಿಯರ ಆಟ ತಪ್ಪಬಾರದೆಂದು ಮಾಡಿದೆ ಎಂದು ಹೇಳಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ಮುರಿದ ಕೈಯ ಮುಂದೆ ಅದನ್ನು ಹೇಳಲು ಅವರಿಗೆ ಬಾಯಿ ಬರಲಿಲ್ಲ.

ಪಂದ್ಯ ನಡೆಯಿತು. ದ್ಯಾಮಿಯ ಜಾಗದಲ್ಲಿ ನಿಂತ ಸಣ್ಣ ಹುಡುಗಿ ನಾಲ್ಕು ಗೋಲು ಬಿಟ್ಟು ಅಳುತ್ತ ಬಂದಳಂತೆ. ಮೊದಲ ಪಂದ್ಯಕ್ಕೇ ಎಲ್ಲ ಮುಗಿಯಿತು. ಮರುದಿನ ನದಾಫ ಸರ್ ತಾವೇ ಒಂದು ಕಾಗದ ಬರೆದರು. ಚೀಲ ಹೋದದ್ದು, ನನ್ನನ್ನು ಮಲಗಿಸಿದ್ದು, ಎಬ್ಬಿಸಿದ್ದು, ದ್ಯಾಮಿ ಹೇಳಿದ್ದು, ತಾವು ಸುಳ್ಳಿಗೆ ಸಹಿ ಹಾಕಿದ್ದು. ಎಲ್ಲವನ್ನೂ ಬರೆದು ತಾಲೂಕು ಶಿಕ್ಷಣ ಕಚೇರಿಗೆ ಕೊಟ್ಟುಬಂದರು. ಅಲ್ಲಿಯ ಸಾಹೇಬರು ಕೇಳಿದ್ದು ಒಂದೇ: ಹಾಗಾದರೆ ಸುಳ್ಳು ಹೇಳಿಕೆ ಕೊಟ್ಟವರು ನೀವೇ ಅಲ್ಲವೇ? ಹೌದು ಎಂದರು ಸರ್. ತಿಂಗಳೊಳಗೆ ಅವರನ್ನು ದೂರದ ಔರಾದ ಕಡೆಗೆ ವರ್ಗ ಮಾಡಿದರು. ಹೆಡ್‌ಮಾಸ್ತರರನ್ನು ಯಾರೂ ಏನೂ ಕೇಳಲಿಲ್ಲ.

ಹೊರಡುವ ದಿನ ಸರ್ ನನ್ನ ಹತ್ತಿರ ಬಂದರು. ನೆಲದ ಮೇಲೆ ಬಿದ್ದಿದ್ದ ನನ್ನನ್ನು ಎರಡೂ ಕೈಯಿಂದ ದಬ್ಬಿದರು. ಬಿದ್ದುಕೊಂಡದ್ದನ್ನು ದಬ್ಬಿದರೆ ಏನಾಗುತ್ತದೆ? ನಾನು ಕದಲಲಿಲ್ಲ. ಅವರ ಮೇಲಿನ ಸಿಟ್ಟು ಆವತ್ತು ಅರ್ಧ ಇಳಿಯಿತು. ಪೂರ್ತಿ ಇಳಿಯಿತು ಎಂದು ಹೇಳಲಾರೆ.

ನನ್ನನ್ನು ಅಡುಗೆಮನೆಯ ಹಿಂದೆ ಎಸೆದ ಮೇಲೆ ಬೆಳ್ಳಿಹಬ್ಬದ ಸಂಚಿಕೆ ಬಂತು. ಮುಖಪುಟದಲ್ಲಿ ಆ ಮೊದಲ ಫೋಟೋವನ್ನೇ ಹಾಕಿದ್ದರು. ದ್ಯಾಮಿ ಜೋತಾಡುತ್ತಿದ್ದಾಳೆ, ಪಕ್ಕದಲ್ಲಿ ಹೆಡ್‌ಮಾಸ್ತರರು ನನ್ನ ಮೇಲೆ ಕೈಯಿಟ್ಟು ನಗುತ್ತಿದ್ದಾರೆ. ಕೆಳಗೆ "ನಮ್ಮ ಶಾಲೆಯ ಹೆಮ್ಮೆ" ಎಂದು ಅಚ್ಚಾಗಿದೆ. ಅದನ್ನು ಹಾಕುವಾಗ ಒಬ್ಬರಿಗೂ ನಾಚಿಕೆಯಾಗಲಿಲ್ಲ. ಅಡುಗೆಮನೆಯ ಅಮ್ಮಂದಿರು ಅದರ ಪ್ರತಿಯ ಮೇಲೆ ಹಪ್ಪಳ ಒಣಗಿಸಿದರು, ಆಗ ನೋಡಿದೆ.

ಎರಡು ವರ್ಷವಾಯಿತು. ಕಳೆದ ತಿಂಗಳು ಯಾರೋ ದಾನಿಗಳು ಹೊಸ ಗೋಲುಕಂಬ ಕೊಟ್ಟರು. ಹಾಲುಬಿಳುಪು ಬಣ್ಣ, ಕೆಳಗೆ ಚಕ್ರ, ಮೇಲೆ ದಾನಿಗಳ ಹೆಸರು. ಹಿಂಗಾಲಿಗೆ ಗೂಟವಿಲ್ಲ, ಚೀಲವಿಲ್ಲ. ಹೊಸ ದೈಹಿಕ ಶಿಕ್ಷಕರು ಮೊಟ್ಟೆ ಎಣಿಸುತ್ತಿದ್ದಾರೆ. ಅದನ್ನು ನೋಡುತ್ತ ಇಲ್ಲಿ ಮಲಗಿರುವುದು ನನಗೆ ಬಿದ್ದದ್ದಕ್ಕಿಂತ ದೊಡ್ಡ ಶಿಕ್ಷೆ.

ದ್ಯಾಮಿ ಈಗ ಕಾಲೇಜಿನಲ್ಲಿ ಓದುತ್ತಾಳೆ. ಬಲಗೈಯ ಎರಡು ಬೆರಳು ಮಡಚುವುದಿಲ್ಲ, ಗೋಲಿಯಾಗಿ ನಿಲ್ಲುವುದಿಲ್ಲ. ಸಂಜೆ ಬಂದು ಶಾಲೆಯ ಹುಡುಗಿಯರಿಗೆ ಆಟ ಹೇಳಿಕೊಡುತ್ತಾಳೆ, ಯಾರೂ ಕರೆಯದಿದ್ದರೂ. ನಿನ್ನೆಯೂ ಬಂದಳು. ಚೆಂಡು ಮುಟ್ಟುವ ಮೊದಲು ಹೊಸ ಕಂಬದ ಹಿಂದೆ ಹೋಗಿ, ಆ ಸೆಟೆದ ಬೆರಳುಗಳ ಕೈಯಿಂದಲೇ ದಬ್ಬಿದಳು. ಅದು ಮುಂದಕ್ಕೆ ವಾಲಿತು.

"ಇವತ್ತ ಆಟಿಲ್ಲ," ಎಂದಳು.

"ಅಕ್ಕಾ, ನಾಡಿದ್ದ ಮ್ಯಾಚ್ ಐತಿ."

"ಇರ್ಲಿ. ಎಲ್ಲಾರೂ ಬಂದು ಹಿಡೀರಿ."

ಹನ್ನೆರಡು ಹುಡುಗಿಯರು ಹಿಡಿದರು. ಮೆಲ್ಲಗೆ ಬಾಗಿಸಿ, ದಾನಿಗಳ ಹೆಸರು ಮಣ್ಣಿಗೆ ತಾಗುವಂತೆ ಮುಖ ಕೆಳಗಾಗಿ ಮಲಗಿಸಿದರು. ಸೊಲಬಣ್ಣವರ ಜಗಲಿಯಿಂದಲೇ ಕೂಗಿದರು.

"ಹೊಸಾ ಕಂಬ ಯಾಕ ಕೆಡವಿದ್ರಿ?"

"ಕೆಡವಿಲ್ರಿ ಸರ್, ಮಲಗಿಸೇವ್ರಿ. ಉಸುಕಿನ ಚೀಲ ತರಸ್ರಿ, ಎಬ್ಬಸ್ತೀವಿ," ಎಂದಳು ದ್ಯಾಮಿ. ಆಮೇಲೆ ಕೈಯ ಮಣ್ಣು ಕೊಡವಿಕೊಳ್ಳುತ್ತ ಹೇಳಿದಳು:

"ಕಾಗದದಾಗ ಬರಕೊಳ್ರಿ ಬೇಕಾದ್ರ. ಇದು ತಾನಾಗಿ ಬಿದ್ದಿಲ್ಲ."