ಕ್ಯಾಸೆಟ್ಟಿನ ಮೇಲಿನ ಕೆಂಪು ಅಕ್ಷರ

ಕಾರ್ಟೂನು ಎಂದರೆ ಮಗಳು ಮುಖ ಊದಿಸಿಕೊಳ್ಳುತ್ತಿದ್ದಳು. ಜಪಾನಿನದಾದರೆ ಅನಿಮೆ ಎನ್ನಬೇಕು. ಈಗ ಫೋನಿನ ಮೇಲೆ ಬೆರಳಾಡಿಸಿದರೆ ಸಿಗುತ್ತದಂತೆ. ಆಗ ಬೇರೆ ಊರಿನ ಪತ್ರದ ಗೆಳತಿಯೊಬ್ಬಳು, ಮಗಳು ಒಮ್ಮೆಯೂ ಮುಖ ನೋಡದವಳು, ವೀಡಿಯೊ ಕ್ಯಾಸೆಟ್ಟುಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದಳು. ನಕಲಿನ ನಕಲಿನ ನಕಲು. ಚಿತ್ರ ನೀರಿನಡಿ ಇದ್ದಂತೆ ಅಲುಗುತ್ತಿತ್ತು. ಮಾತೆಲ್ಲ ಜಪಾನಿ. ಜೊತೆಗೆ ಯಾರೋ ಪುಣ್ಯಾತ್ಮರು ನಮ್ಮ ಭಾಷೆಯಲ್ಲಿ ಅರ್ಥ ಬರೆದ ಹಾಳೆಗಳು. ಭಾನುವಾರ ಇಬ್ಬರು ಗೆಳತಿಯರನ್ನು ಕೂರಿಸಿಕೊಂಡು, ಪರದೆಯ ಮೇಲಿನವರು ಬಾಯಿ ತೆರೆದ ಕೂಡಲೇ ಮಗಳು ಆ ಸಾಲನ್ನು ಓದುತ್ತಿದ್ದಳು. ನಾನು ಗೋಡೆಗೊರಗಿ ಅಂಗಿಗಳಿಗೆ ಕಾಜ ಹೊಲಿಯುತ್ತ ಕೇಳುತ್ತಿದ್ದೆ. ಸಮುದ್ರದಂಚಿನ ದೀಪಸ್ತಂಭ ಕಾಯುವ ಹುಡುಗಿಯ ಕಥೆ. ಮೊಟ್ಟೆಗಣ್ಣಿನ ನೆಂಟರು ಬಂದರಾ ಎಂದು ನನ್ನ ಗಂಡ ಛೇಡಿಸುತ್ತಿದ್ದರು.

ನನಗೆ ಓದು ಬಾರದೆಂದು ಮಗಳಿಗೆ ಗೊತ್ತಿರಲಿಲ್ಲ. ಸಹಿ ಮಾಡುವಷ್ಟು ಕಲಿತಿದ್ದೆ. ಉಳಿದದ್ದಕ್ಕೆ ಕಣ್ಣು ನೋವು, ಕೈ ಬಿಡುವಿಲ್ಲ ಎಂದು ಸಾಗಹಾಕುತ್ತಿದ್ದೆ.

ಕಥೆಯ ಕೊನೆಯ ಕಂತು ಬಂದ ವಾರವೇ ಗಂಡನ ಗಿರಣಿಯಲ್ಲಿ ಮುಷ್ಕರ. ಸಂಜೆ ಸುದ್ದಿಯಲ್ಲಿ ನಮ್ಮನ್ನು ತೋರಿಸುತ್ತಾರೆ, ರೆಕಾರ್ಡ್ ಮಾಡಿಡು ಎಂದು ಹೇಳಿ ಹೋದರು. ಕೈಗೆ ಸಿಕ್ಕಿದ ಕ್ಯಾಸೆಟ್ಟಿನ ಅಂಚಿನ ಚೂರು ಮುರಿದಿತ್ತು. ಅದು ಮುರಿದಿದ್ದರೆ ರೆಕಾರ್ಡ್ ಆಗುವುದಿಲ್ಲ. ತೂತಿನ ಮೇಲೆ ಅಂಟುಪಟ್ಟಿ ಹಚ್ಚಿದರೆ ಆಗುತ್ತದೆ. ಹಳೆಯ ಕ್ಯಾಸೆಟ್ಟುಗಳಿಗೆ ಮಗಳು ಹಾಗೆ ಹಚ್ಚುವುದನ್ನು ನೋಡಿದ್ದೆ. ಹಚ್ಚಿದೆ. ಚೀಟಿಯ ಮೇಲೆ ಕೆಂಪು ಅಕ್ಷರಗಳಿದ್ದವು. ಎಲ್ಲ ಕ್ಯಾಸೆಟ್ಟುಗಳ ಮೇಲೂ ಏನಾದರೊಂದು ಇರುತ್ತಿತ್ತು.

ಭಾನುವಾರ ದೀಪಸ್ತಂಭದ ಬದಲು ಗಿರಣಿಯ ಗೇಟು ಬಂತು. ಗೆಳತಿಯರು ಚಪ್ಪಲಿ ಮೆಟ್ಟಿಕೊಂಡು ಹೋದರು.

"ಅಮ್ಮ, ಮೇಲೆ ಬರೆದಿದ್ದೆ. ಓದ್ಲಿಲ್ವಾ?"

ಇಲ್ಲ ಎಂದಿದ್ದರೆ ಸಾಕಿತ್ತು.

"ಓದ್ದೆ. ನಿಮ್ಮಪ್ಪ ಹೆಚ್ಚೋ, ಆ ಬೊಂಬೆಗಳು ಹೆಚ್ಚೋ?"

ಅವಳು ಕ್ಯಾಸೆಟ್ಟನ್ನು ಡಬ್ಬಿಗೆ ಹಾಕಿ ಎದ್ದಳು. ಇನ್ನೊಂದು ನಕಲಿಗಾಗಿ ಆ ಪತ್ರದ ಗೆಳತಿಗೆ ಬರೆದದ್ದು, ಈ ವಿಳಾಸದಲ್ಲಿ ಯಾರೂ ಇಲ್ಲವೆಂದು ಹಿಂದಿರುಗಿತು. ಆಮೇಲೆ ನನ್ನೊಂದಿಗೆ ಬೇಕಾದಷ್ಟೇ ಮಾತು. ಕೆಲಸ ಸಿಕ್ಕಿ ಬೇರೆ ಊರಿನ ಹಾಸ್ಟೆಲು ಸೇರಿದಳು. ನಾನು ರಾತ್ರಿ ಶಾಲೆ ಸೇರಿದೆ. ಬಾಯಿಬಿಟ್ಟು ಹೇಳಲಾಗದ್ದನ್ನು ಸ್ವಂತ ಕೈಯಲ್ಲಿ ಬರೆದು ತಿಳಿಸೋಣವೆಂದಿದ್ದೆ. ಒತ್ತಕ್ಷರಕ್ಕೆ ಬರುವಷ್ಟರಲ್ಲಿ ಅವಳು ಜ್ವರದಲ್ಲಿ ತೀರಿಕೊಂಡಳು. ಟ್ರಂಕು ಮನೆಗೆ ಬಂತು.

ಬಟ್ಟೆಗಳ ಕೆಳಗೆ ಅದೇ ಕ್ಯಾಸೆಟ್ಟು, ನಾನು ಹಚ್ಚಿದ ಪಟ್ಟಿ ಸಮೇತ. ಕೆಂಪು ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿದೆ. ಅಳಿಸಬಾರದು ಎಂದೇನೋ ಇದ್ದೀತೆಂದು ಇಷ್ಟು ವರ್ಷ ಅಂದುಕೊಂಡಿದ್ದೆ. 'ಅಮ್ಮ, ಇದೊಂದು ಬೇಡ' ಎಂದಿತ್ತು. ನನಗೇ ಬರೆದದ್ದು. ಅದನ್ನು ಓದಿದೆ ಎಂದಿದ್ದೆ.

ಯಂತ್ರಕ್ಕೆ ಹಾಕಿದೆ. ಗೇಟು, ಸುದ್ದಿ, ಹವಾಮಾನ ಎಲ್ಲ ಮುಗಿದ ಮೇಲೆ ಚಿತ್ರ ನಡುಗಿ, ಅಳಿಯದೆ ಉಳಿದ ಕೊನೆಯ ತುಣುಕು ಬಂತು. ದೀಪಸ್ತಂಭದ ಹುಡುಗಿ ಒಬ್ಬಳೇ ಕಿಟಕಿಯ ಬಳಿ ನಿಂತು ಏನೋ ಹೇಳುತ್ತಿದ್ದಳು. ಡಬ್ಬಿಯಲ್ಲಿ ಅರ್ಥ ಬರೆದ ಹಾಳೆ ಮಡಚಿಟ್ಟಿತ್ತು. ಕೊನೆಯ ಸಾಲುಗಳನ್ನು ಹುಡುಕಿ, ಬೆರಳಿಟ್ಟು, ಜೋರಾಗಿ ಓದತೊಡಗಿದೆ. ಒಂದು ಸಾಲು ಕೂಡಿಸಿ ತಲೆ ಎತ್ತುವಷ್ಟರಲ್ಲಿ ಹುಡುಗಿ ದೀಪ ಆರಿಸಿ ಹೋಗಿದ್ದಳು.