ಅಡ್ಡಗೆರೆಯ ದಿನಗಳು

ಸೋದರತ್ತೆಯ ಮಗಳು ಚೆನ್ನಬಸಮ್ಮ ಧಾರವಾಡದಿಂದ ಬಂದಿಳಿದಾಗ ನಾನು ಮೊದಲು ನೋಡಿದ್ದು ಅವಳ ಕೈಗಡಿಯಾರ. ಚಿಕ್ಕಂದಿನಲ್ಲಿ ಅವಳು ಗಾದಿಗನೂರಿನ ನಮ್ಮ ಮನೆಯಲ್ಲೇ ಇದ್ದಳು. ಆರನೇ ತರಗತಿಯವರೆಗೆ ನನ್ನ ಲೆಕ್ಕ ನೋಡಿ ಬರೆದುಕೊಂಡವಳು. ಅವಳ ಮನೆಯವರಿಗೆ ಕಂಪ್ಲಿಯಲ್ಲಿ ಕಾಲುವೆ ಕೆಳಗೆ ಎಂಟು ಎಕರೆ ಗದ್ದೆ. ಅವಳು ಎಂ.ಎಸ್ಸಿ. ಮುಗಿಸಿದಳು. ನಾನು ಆರಕ್ಕೇ ಬಿಟ್ಟೆ.

ಈಗ ಅವಳಿಗೆ ಡಾಕ್ಟರೇಟು ಬೇಕಿತ್ತು. ಬರ ಬರುವುದನ್ನು ಮೊದಲೇ ಲೆಕ್ಕ ಹಾಕಿ ಹೇಳುವ ಸಂಶೋಧನೆಯಂತೆ. ಇರುವುದು ಒಂದೇ ಸೀಟು, ಸೋಮವಾರ ಸಂದರ್ಶನ. ಅದಕ್ಕೇ ನಮ್ಮೂರ ಮಳೆಯ ಪುಸ್ತಕ ನೋಡಲು ಬಂದಿದ್ದಳು.

ಊರಿನ ಸರ್ಕಾರಿ ಬಂಗಲೆಯ ಅಂಗಳದ ಮಳೆ ಮಾಪಕ ನೋಡುವ ಕೆಲಸ ಹೆಸರಿಗೆ ಅಪ್ಪನದು. ಅವನ ಕಣ್ಣು ಮಂದವಾದ ಮೇಲೆ, ಹತ್ತು ವರ್ಷದಿಂದ, ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆದವಳು ನಾನು.

"ಮಾವನ ಅಕ್ಷರ ಏನ್ ಚಂದ ಅದಾವಲೇ!" ಎಂದಳು ಚೆನ್ನಬಸಮ್ಮ. "ನೋಡು ದುರುಗಿ, ಜುಲೈ ಕೊನಿಗೆ ಪ್ರತಿ ವರ್ಷ ಹದಿನೈದು ದಿನ ಬರೇ ಅಡ್ಡಗೆರಿ. ಹೊಸಪೇಟ್ಯಾಗ ಮಳಿ ಐತಿ, ಸಂಡೂರಾಗ ಐತಿ, ಇಲ್ಲಷ್ಟ ಇಲ್ಲ! ಯಾರ ಕಣ್ಣಿಗೂ ಬಿದ್ದಿಲ್ಲ ಇದು. ಇದರ ಮ್ಯಾಲೇ ನನ್ನ ಸೀಟು."

ಮಳೆ ಇಲ್ಲದ ದಿನ ಅಡ್ಡಗೆರೆ ಎಳೆಯುವುದು ಪದ್ಧತಿ. ಆ ಹದಿನೈದು ದಿನದ ಗೆರೆಗಳು ಯಾಕೆ ಬಂದವೆಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಅವ್ವ ಅವಳ ತಟ್ಟೆಗೇ ಕೆನೆಮೊಸರು ಹಾಕುವುದನ್ನು, ಅವಳ ಗುಲಾಬಿ ಸೋಪನ್ನು ಎರಡು ದಿನ ನೋಡುತ್ತ ಕೂತೆ. ಸಂದರ್ಶನದಲ್ಲಿ ದೊಡ್ಡವರ ಮುಂದೆ ಅವಳಿಗೆ ಮುಖಭಂಗವಾಗಲಿ ಅಂದುಕೊಂಡೆ. ಅಂದುಕೊಂಡಷ್ಟೂ ಹಿತವೆನಿಸಿತು.

ಭಾನುವಾರ ಹೊರಡುವಾಗ ಅವಳು ಅಪ್ಪನಿಗೆ ಹೇಳಿದಳು: "ಮಾವಾ, ನನ್ನ ಪ್ರಬಂಧದಾಗ ನಿನ್ನ ಹೆಸರು ಹಾಕ್ತೀನಿ. ಎರ್ರೆಪ್ಪ ಹತ್ತು ವರ್ಷ ಒಂದ್ ದಿನಾನೂ ತಪ್ಪಿಸಿಲ್ಲ ಅಂತ."

"ಹಾಕವ್ವಾ," ಅಂದ ಅಪ್ಪ, ನಾಚಿದಂತೆ.

ಅದನ್ನು ಮಾತ್ರ ನನಗೆ ತಡೆಯಲಾಗಲಿಲ್ಲ.

"ಬರದಾಕಿ ನಾನು," ಎಂದೆ. "ಆ ಗೆರಿ ಎಳದ ದಿನದಾಗೂ ಮಳಿ ಆಗಿತ್ತು. ನೋಡಾಕ ಊರಾಗ ನಾವ್ಯಾರೂ ಇದ್ದಿಲ್ಲ. ನಾಟಿ ಹಚ್ಚಾಕ ಕಂಪ್ಲಿಗೆ ಹೋಗಿದ್ವಿ. ನಿಮ್ಮ ಗದ್ದಿಗೇ."

"ಹತ್ತೂ ವರ್ಷಾನಾ?"

"ಹತ್ತೂ ವರ್ಷ. ತಿರುಗಿ ಬಂದು ಮಾಪಕದಾಗ ನಿಂತ ನೀರು ಚೆಲ್ಲತಿದ್ದೆ. ಖಾಲಿ ಬಿಟ್ರ ಕಚೇರಿಯವರು ಬೈತಾರ ಅಂತ ಗೆರಿ ಎಳದೆ."

ಚೆನ್ನಬಸಮ್ಮ ಹೊಸ್ತಿಲ ಮೇಲೆ ಕೂತಳು. ಅಳಲಿ ಎಂದು ಕಾದೆ. ಅಳಲಿಲ್ಲ. ಪೆನ್ಸಿಲ್ ತೆಗೆದಳು.

"ಯಾವ ತಾರೀಕಿಂದ ಯಾವ ತಾರೀಕು? ಹೇಳು."

ಯಾವ ವರ್ಷ ಯಾವತ್ತು ಹೋದೆವು, ಯಾವತ್ತು ಬಂದೆವು ಎಂಬುದೆಲ್ಲ ಬಾಯಿಪಾಠವಾಗಿತ್ತು. ತಡವರಿಸದೆ ಹೇಳಿದೆ. ಬರೆಯುತ್ತ ಬರೆಯುತ್ತ ಅವಳ ಮುಖಕ್ಕೆ ಕಳೆ ಬಂತು.

"ಇದು ಇನ್ನೂ ಛಲೋ ಆತಲೇ! ಮಳಿ ಬಂದಾಗೂ ದಾಖಲೆಯಾಗ ಬರ ಹೆಂಗ ಹುಟ್ತತಿ ಅಂತ ಯಾರು ಬರದಾರ?"

"ಹಂಗಾರ ನನ್ನ ಹೆಸರು ಹಾಕು."

ಅವಳು ಅಪ್ಪನ ಕಡೆ ನೋಡಿದಳು. "ನಿನ್ನ ಹೆಸರು ಹಾಕಿದ್ರ ಮಾವನ ಕೆಲಸ ಹೋಗ್ತತಿ. ಊರ ಹೆಸರೂ ಹಾಕಂಗಿಲ್ಲ."

"ಸುಮ್ನಿರವ್ವಾ ದುರುಗಿ," ಎಂದ ಅಪ್ಪ.

ಹದಿನೈದು ದಿನಕ್ಕೆ ಕಾಗದ ಬಂತು. ಅವಳಿಗೆ ಸೀಟು ಸಿಕ್ಕಿತ್ತು. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು, ನನ್ನ ಅಂಗೈಗೂ ಒಂದು ಚಿಟಿಕೆ ಹಾಕಿದಳು. ಹಿತ್ತಿಲಿಗೆ ಹೋಗಿ ಕೈ ತೊಳೆದುಕೊಂಡೆ.