ಮೂರನೇ ನಂಬರಿನ ಮಷೀನು

ಅರವತ್ತೈದು ಸಾವಿರದ ಐನೂರ ಮೂವತ್ತಾರು — ಕರಿ ಪರದೆಯ ಮೂಲೆಯಲ್ಲಿ ಮೆಮೊರಿ ಎಣಿಸುವ ಬಿಳಿ ಅಂಕಿಗಳು ಓಡೋಡಿ ಬಂದು ನಿಂತವು, ಒಂದು ಬೀಪು, ಆಮೇಲೆ ಮೌನ, ಇಷ್ಟು ಮೌನ ಈ ಮಷೀನಿಗೆ ಒಗ್ಗುವುದಿಲ್ಲ, ಆಗೆಲ್ಲ ಇದರ ಹಾರ್ಡ್‌ಡಿಸ್ಕು ಹಿಟ್ಟಿನ ಗಿರಣಿಯ ಹಾಗೆ ಗರಗರ ಅನ್ನುತ್ತಿತ್ತು, ಪಕ್ಕದಲ್ಲಿ ಕೂತವನ ಕೆಮ್ಮೂ ಕೇಳಿಸುತ್ತಿರಲಿಲ್ಲ, ಈಗ ಅದರ ಜಾಗದಲ್ಲಿ ಕ್ಯಾಮೆರಾಕ್ಕೆ ಹಾಕುವ ಮೆಮೊರಿ ಕಾರ್ಡು, ಬೆಂಕಿಪೊಟ್ಟಣದಷ್ಟೂ ಇಲ್ಲ, ಒಳಗೆ ತಿರುಗುವಂಥದ್ದು ಏನೂ ಇಲ್ಲ, ಹಾಗಾಗಿ ಹಂಪೇಶನ ಉಸಿರು ಕೇಳುತ್ತಿದೆ, ಅವನು ಅಡಿಕೆ ಜಗಿಯುವುದು ಕೇಳುತ್ತಿದೆ, ಬೆರಳುಗಳ ನೆಟಿಗೆ ಮುರಿಯುವುದು ಒಂದೊಂದಾಗಿ ಕೇಳುತ್ತಿದೆ. ಲೇ ಹುಲುಗ್ಯಾ, ಖರೇನ ಜಂಬಣ್ಣ ಸರ್ ಸೆಂಟರಿನ ಮಷೀನೇನಲೇ ಇದು, ಮೂರನೇ ನಂಬರಿಂದು, ಅನ್ನುತ್ತಾನೆ, ಹೂಂ ಅನ್ನುತ್ತೇನೆ, ಬೆಳಿಗ್ಗೆ ಹನ್ನೊಂದಕ್ಕೆ ನನಗೆ ಗೊತ್ತಾದದ್ದು ಇವನಿಗೆ ಗೊತ್ತಿಲ್ಲ, ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಕಾರಿನಲ್ಲಿ ನಗುನಗುತ್ತ ಬಂದಿದ್ದಾನೆ, ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಬಂದಿದ್ದಾನೆ. ನೆಟಿಗೆ ಮುರಿಯುವುದು ಎಡಗೈಗೆ ಬಂತು, ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳು, ಕೊನೆಗೆ ಕಿರುಬೆರಳು, ಅದರಲ್ಲಿ ಮುತ್ತಿನ ಉಂಗುರ, ಯಾರೋ ಜ್ಯೋತಿಷಿ ಹೇಳಿದ್ದಂತೆ. ನಾನು ಅದನ್ನೇ ನೋಡುತ್ತಿದ್ದೇನೆ.

ಎಂಟು ತಿಂಗಳು ಇದಕ್ಕಾಗಿ ಕೂತೆ, ಅಂಗಡಿಯಲ್ಲಿ ಮೊಬೈಲ್ ರಿಪೇರಿ ಮುಗಿದ ಮೇಲೆ ದಿನಕ್ಕೊಂದು ತಾಸು, ಜಂಬಣ್ಣ ಸರ್ ಕಂಪ್ಯೂಟರ್ ಕಲಿಸುತ್ತಿದ್ದ ಸೆಂಟರು ಮುಚ್ಚಿ ಎಷ್ಟೋ ವರ್ಷವಾಗಿತ್ತು, ಮಷೀನು ಅವರ ಮನೆಯ ಅಟ್ಟದಲ್ಲಿ ಶೇಂಗಾ ಚೀಲಗಳ ಹಿಂದೆ ಬಿದ್ದಿತ್ತು, ಒಯ್ಯಪ್ಪ, ಇಲಿ ಸಂಸಾರ ಮಾಡ್ಯಾವು ಅದರಾಗ, ಅಂದರು ಸರ್, ಬೋರ್ಡಿನ ಮೇಲಿನ ಕೆಪಾಸಿಟರುಗಳು ಹೊಟ್ಟೆ ಉಬ್ಬಿಸಿಕೊಂಡಿದ್ದವು, ಏಳನ್ನು ಕಿತ್ತು ಹೊಸದು ಬೆಸೆದೆ, ಡಬ್ಬಿ ಮಾನಿಟರು ಹರಪನಹಳ್ಳಿಯ ಗುಜರಿಯಲ್ಲಿ ಸಿಕ್ಕಿತು, ಡಿಸ್ಕು ಮಾತ್ರ ಸತ್ತಿತ್ತು, ಅದಕ್ಕೇ ಈ ಕಾರ್ಡು, ಮೂವತ್ತೆರಡು ಜಿಬಿಯದು, ಆದರೆ ಮುದುಕ ಬೋರ್ಡಿಗೆ ಎಂಟರಾಚೆ ಲೆಕ್ಕ ಬಾರದು, ಇರಲಿ, ನಮ್ಮ ಕಾರಿನ ಆಟಕ್ಕೆ ಎರಡು ಫ್ಲಾಪಿಯಷ್ಟು ಜಾಗ ಸಾಕು, ಆ ಎರಡು ಫ್ಲಾಪಿ ಇಷ್ಟು ವರ್ಷ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿದ್ದೆ, ಹುಚ್ಚ. ಯಾರಿಗಾಗಿ ಇದೆಲ್ಲ ಅಂತ ಹೆಂಡತಿ ಸುಮಂಗಲಾ ಕೇಳಿದಳು, ಹಂಪೇಶ ಮತ್ತು ನಾನು ಮತ್ತೊಮ್ಮೆ ಆಡಬೇಕು ಅಂದೆ, ಹಡಗಲಿ ಕಡೆಯ ಹೆಣ್ಣು, ಮಲ್ಲಿಗೆ ಕಟ್ಟುತ್ತ ಕಟ್ಟುತ್ತ ಮಾತು ಪೋಣಿಸುತ್ತಾಳೆ, ಆ ಸಾಹುಕಾರಗ ನೀವಂದ್ರ ಯಾಕ್ರಿ ಅಷ್ಟು ಪ್ರೀತಿ, ಅಷ್ಟು ಪ್ರೀತಿ ಮಾಡೋರು ಏನರ ಮುಚ್ಚಿಟ್ಟಿರತಾರ, ಅಂದಳು, ನಾನು ರೇಗಿದೆ, ನಿನಗೇನು ಗೊತ್ತು ನಮ್ಮ ಗೆಳೆತನ ಅಂದೆ. ಎರಡು ದಿನ ಸಿಟ್ಟು ಮಾಡಿಕೊಂಡು ಊಟ ಮಾಡಿದೆ.

ಕೀಬೋರ್ಡು ಅದೇ ಏನಲೇ, ಹಂಪೇಶ ಕೇಳುತ್ತಾನೆ, ಅದೇ ಅನ್ನುತ್ತೇನೆ, ಹಂಗಾದ್ರ ನಾ ಎಡಕ್ಕ, ನೀ ಬಲಕ್ಕ, ಹಳೇ ಪದ್ಧತಿ, ಅನ್ನುತ್ತಾನೆ — ಹಳೇ ಪದ್ಧತಿ, ಹೌದು, ಆವತ್ತೂ ಇವನದು ಎಡಗಡೆಯ ಅಕ್ಷರಗಳು, ನನ್ನದು ಬಲಗಡೆಯ ಬಾಣಗಳು, ಒಂದೇ ಕೀಬೋರ್ಡಿನ ಮೇಲೆ ಇಬ್ಬರು, ಪರದೆ ಮೇಲರ್ಧ ಇವನದು ಕೆಳಗಿನರ್ಧ ನನ್ನದು, ಆಗ ಇಪ್ಪತ್ತೊಂದು ವರ್ಷ ಇಬ್ಬರಿಗೂ, ಊರಿನ ಪತ್ತಿನ ಸಂಘಕ್ಕೆ ಆಗತಾನೆ ಕಂಪ್ಯೂಟರು ಬಂದಿತ್ತು, ನಡೆಸಲಿಕ್ಕೆ ಒಬ್ಬ ಹುಡುಗ ಬೇಕಿತ್ತು, ಜಂಬಣ್ಣ ಸರ್ ಹೆಸರು ಕೊಟ್ಟರೆ ಕೆಲಸ ಆದಂತೆಯೇ, ಸರ್ ನಮ್ಮಿಬ್ಬರನ್ನೂ ಕರೆದು, ಇಬ್ರೂ ಚಲೋ ಅದೀರಿ, ಒಬ್ಬನ ಹೆಸರು ಹೇಳಿ ಇನ್ನೊಬ್ಬನ ಮನಿಗೆ ನಾ ಕೆಟ್ಟ ಆಗಂಗಿಲ್ಲ, ನೀವ ಬಗಿಹರಿಸ್ಕೊಂಡು ಬರ್ರಿ, ಅಂದುಬಿಟ್ಟರು. ಇವನ ಅಪ್ಪನದು ಮಾರ್ಕೆಟ್ಟಿನಲ್ಲಿ ದಲಾಲಿ ಅಂಗಡಿ, ನನ್ನ ಅವ್ವ ಹಾಸ್ಟೆಲಿನಲ್ಲಿ ದಿನಕ್ಕೆ ಮುನ್ನೂರು ರೊಟ್ಟಿ ಬಡಿಯುವವಳು, ಯಾರಿಗೆ ಬೇಕಿತ್ತು ಕೆಲಸ ಅಂತ ಕೇಳಿದರೆ ಮಾರ್ಕೆಟ್ಟಿನ ಎತ್ತೂ ಹೇಳುತ್ತಿತ್ತು, ಆದರೆ ನಾನು ಹಾಗೆ ಕೇಳಲಿಲ್ಲ, ಬೇಡುವುದು ನನಗಾಗದು, ಚೀಟಿ ಎತ್ತೋಣ ಅಂದೆ. ಹಂಪೇಶ ತಲೆ ಅಲ್ಲಾಡಿಸಿದ, ಚೀಟಿ ಅಂದ್ರ ಬರೀ ನಸೀಬು, ಆಟ ಅಂದ್ರ ನ್ಯಾಯ, ಗೆದ್ದಾಂವ ಹೋಗ್ಲಿ, ಸೋತಾಂವ ಬಾಯಿ ಮುಚ್ಕೊಂಡು ಇರ್ಲಿ, ಅಂದ. ನ್ಯಾಯ ಅನ್ನುವ ಮಾತಿಗೆ ನಾನು ಕರಗಿದೆ, ಸೊಕ್ಕೂ ಇತ್ತು, ಸೆಂಟರಿನಲ್ಲಿ ಆ ಆಟಕ್ಕೆ ನನ್ನ ಕೈಯೇ ಮೇಲು. ಒಂದನೇ ನಂಬರು ಖಾಲಿ ಇತ್ತು, ಐದನೆಯದೂ ಖಾಲಿ ಇತ್ತು, ಇಲ್ಲ ಮೂರರಾಗ ಆಡೂಣು, ಅಂದ. ಯಾಕೆ ಅಂತ ಕೇಳುವ ಬುದ್ಧಿ ನನಗೆ ಬರಲಿಲ್ಲ.

ಐದು ಪಂದ್ಯದಲ್ಲಿ ಎರಡು ಅವನು ಗೆದ್ದ, ಎರಡು ನಾನು, ಐದನೆಯದು ಉಳಿಯಿತು, ಮೂರು ಸುತ್ತಿನ ಪಂದ್ಯ, ಕೊನೆಯ ಸುತ್ತಿನಲ್ಲಿ ಸೇತುವೆ ಮೇಲೆ ನಾನು ಮುಂದೆ, ಸೇತುವೆ ಇಳಿದ ಕೂಡಲೇ ಎಡಕ್ಕೆ ತಿರುವು, ನೂರು ಸಲ ಕಣ್ಣು ಮುಚ್ಚಿ ತಿರುಗಿದ ತಿರುವು, ಕಾರು ತಿರುಗಲಿಲ್ಲ, ನೇರ ಹೋಗಿ ನೀರಿಗೆ ಬಿತ್ತು. ಒತ್ತಿದ್ದೆ, ಬಟನ್ ಹಿಡೀಲಿಲ್ಲ, ಅಂದೆ, ಅವನು ನಕ್ಕು ಹೆಗಲ ಮೇಲೆ ಕೈ ಹಾಕಿ, ಕುಣಿಯಲಾರದಾಕಿ ನೆಲ ಡೊಂಕು ಅಂದಳಂತ, ಅಂದ, ಕೊಟ್ಟ ಮಾತು ಕೊಟ್ಟ ಮಾತೇ, ಕರೆದ ದಿನ ಸಂಘಕ್ಕೆ ಅವನು ಹೋದ, ನಾನು ಹೋಗಲಿಲ್ಲ. ಅವ್ವನಿಗೆ ಆಟದಲ್ಲಿ ಸೋತೆ ಅಂತ ಹ್ಯಾಗೆ ಹೇಳುವುದು, ನಿದ್ದೆ ಹತ್ತಿಬಿಟ್ಟಿತ್ತು, ಹೊತ್ತು ಮೀರಿತು ಅಂದೆ, ಅವಳು ಬಯ್ಯಲಿಲ್ಲ, ಕೈಯ ಹಿಟ್ಟು ಒರೆಸಿಕೊಳ್ಳುತ್ತ, ಮಲಗಪ್ಪ, ಮಲಗು, ನಾ ದುಡೀತೀನಿ, ಅಂದಳು. ಇನ್ನೂ ಹನ್ನೊಂದು ವರ್ಷ ದುಡಿದಳು, ಮಗ ನಿದ್ದೆಬಡುಕ ಅಂತ ನಂಬಿಕೊಂಡೇ ಹೋದಳು, ಅದಾದರೂ ನನ್ನ ಸುಳ್ಳು, ಒಪ್ಪುತ್ತೇನೆ, ಆದರೆ ಇನ್ನೊಂದಿದೆ, ಅದು ನನ್ನದಲ್ಲ — ಆ ದಿನದಿಂದ ನನ್ನ ಕೈಯನ್ನು ನಾನೇ ನಂಬಲಿಲ್ಲ, ಕೂದಲೆಳೆಯಂಥ ತಂತಿ ಬೆಸೆಯುವ ಕೈ ಇದು, ಆದರೂ ದಾವಣಗೆರೆಯ ದೊಡ್ಡ ಸರ್ವೀಸ್ ಸೆಂಟರಿನವರು ಕರೆದಾಗ ಬೇಡ ಅಂದೆ, ಕೊನೇ ಗಳಿಗೆಯಲ್ಲಿ ಇದು ಕೈಕೊಡುತ್ತದೆ ಅಂದುಕೊಂಡೆ, ಕಾರು ಕಲಿಯಲಿಲ್ಲ, ಮಗಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಳ್ಳಲಿಕ್ಕೂ ಹೆದರಿದೆ. ಇವನು ಮದುವೆ ಮುಂಜಿಯಲ್ಲಿ ನಾಲ್ಕು ಜನರ ಮುಂದೆ ನನ್ನ ಬೆನ್ನು ತಟ್ಟಿ, ನಿಯತ್ತು ಅಂದ್ರ ಇವನದು ನೋಡ್ರಿ, ಅಂದಾಗ ಎದೆ ಉಬ್ಬಿಸಿದ್ದೆ. ಆ ಹೊತ್ತಿಗೆ ಇವನೇ ಸಂಘದ ಮ್ಯಾನೇಜರು, ಮ್ಯಾನೇಜರು ಹೊಗಳಿದರು ಅಂತ ಮನೆಗೆ ಬಂದು ಹೇಳಿದ್ದೆ.

ಬೆಳಿಗ್ಗೆ ಮಷೀನು ಸರಿಯಿದೆಯೋ ನೋಡೋಣ ಅಂತ ಒಬ್ಬನೇ ಎರಡೂ ಕಡೆ ಆಡಿದೆ, ಎಡಗೈಯಿಂದ ಇವನ ಕಾರು, ಬಲಗೈಯಿಂದ ನನ್ನದು, ಸೇತುವೆ ಇಳಿದಾಗ ನನ್ನ ಕಾರು ನೇರ ನೀರಿಗೆ, ನಕ್ಕೆ, ಮತ್ತೊಮ್ಮೆ, ಮತ್ತೆ ನೀರಿಗೆ, ಎಡ ಬಾಣದಲ್ಲಿ ಕಸ ಕೂತಿರಬೇಕು ಅಂತ ಬಟನ್ ಕಿತ್ತು ಸ್ಪಿರಿಟ್ ಹಾಕಿ ಒರೆಸಿದೆ, ಮತ್ತೆ ನೀರಿಗೆ, ಆಗ ನೋಡಿದೆ, ನನ್ನ ಎಡಗೈಯ ಕಿರುಬೆರಳು ಆಯ ತಪ್ಪಿ ಟ್ಯಾಬ್ ಬಟನ್ನಿನ ಮೇಲೆ ಕೂತಿತ್ತು, ಎತ್ತಿದೆ, ಕಾರು ತಿರುಗಿತು, ಇಟ್ಟೆ, ತಿರುಗಲಿಲ್ಲ, ಎತ್ತಿದೆ, ತಿರುಗಿತು. ಹಳೇ ಕೀಬೋರ್ಡು, ಒಂದೊಂದು ಬಟನ್ನಿಗೆ ಬೇರೆ ಬೇರೆ ದಾರಿ ಇಲ್ಲ, ನಾಲ್ಕಾರಕ್ಕೆ ಒಂದೇ ತಂತಿ, ಯಾವುದೋ ಎರಡನ್ನು ಒಟ್ಟಿಗೆ ಒತ್ತಿ ಹಿಡಿದರೆ ಮೂರನೆಯದು ಮೂಕವಾಗುತ್ತದೆ, ಇವನ ಕಾರು ಓಡಿಸುವ ಬಟನ್ನು, ಜೊತೆಗೆ ಟ್ಯಾಬ್, ಅಷ್ಟಾದರೆ ನನ್ನ ಎಡ ಬಾಣ ಸತ್ತಂತೆ. ಆ ಆಟದಲ್ಲಿ ಟ್ಯಾಬಿಗೆ ಕೆಲಸವೇ ಇಲ್ಲ, ಏನೂ ಇಲ್ಲ, ಮತ್ತೆ ಯಾಕೆ ನನಗೆ ನೆನಪಿದೆ ಅಲ್ಲಿ ಇವನ ಕಿರುಬೆರಳು, ಉಂಗುರವಿಲ್ಲದ, ತೆಳ್ಳನೆಯ, ಆಗಾಗ ಅಲ್ಲಿಗೆ ಹೋಗಿ ಬರುತ್ತಿದ್ದ ಕಿರುಬೆರಳು, ಇಪ್ಪತ್ತೈದು ವರ್ಷ ಕಣ್ಣೊಳಗೇ ಇತ್ತು, ನೋಡಿರಲಿಲ್ಲ. ಬೇರೆ ಮಷೀನುಗಳ ಕೀಬೋರ್ಡು ಬೇರೆ ಕಂಪನಿಯವು, ಅದಕ್ಕೇ ಮೂರರಾಗ ಆಡೂಣು. ನೆಲ ನಿಜಕ್ಕೂ ಡೊಂಕಿತ್ತು ಅವ್ವಾ, ಅಂತ ಅಂಗಡಿಯೊಳಗೆ ಒಬ್ಬನೇ ಗಟ್ಟಿಯಾಗಿ ಅಂದೆ.

ಅಲ್ಲ, ಇರಲಿ, ಗೊತ್ತಿಲ್ಲದೆಯೂ ಆಗಿರಬಹುದು, ಸುಮ್ಮನೆ ಚಾಳಿ, ಬೆರಳು ಎಲ್ಲಾದರೂ ಕೂರಲೇಬೇಕಲ್ಲ, ನನ್ನದೂ ಬೆಳಿಗ್ಗೆ ಹಾಗೇ ಕೂತಿತ್ತು, ಅವ್ವ ಆಸ್ಪತ್ರೆಯಲ್ಲಿದ್ದಾಗ ರಾತ್ರಿಯೆಲ್ಲ ಬಾಗಿಲಲ್ಲಿ ನಿಂತವನು ಇವನು, ನಂಬಿದವನ ಕುತ್ತಿಗೆ ಕೊಯ್ಯುವ ಜಾತಿಯಲ್ಲ, ಅದಕ್ಕೇ ಕೇಳಬಾರದು ಅಂತ ತೀರ್ಮಾನ ಮಾಡಿದೆ, ಕೇಳಿದರೆ ಏನಾದರೊಂದು ಹೇಳಿಯಾನು, ಇವನ ಬಾಯಿ ಬೇಡ, ಬೆರಳು ಹೇಳಲಿ. ಹಚ್ಚಲೇ ಆಟ, ಅನ್ನುತ್ತಾನೆ, ಹಚ್ಚುತ್ತೇನೆ, ಕೆಂಪು ದೀಪ, ಹಸಿರು ದೀಪ, ಎರಡೂ ಕಾರು ಹಾರಿದವು, ಹೊಟ್ಟೆ ಬಂದ ಮ್ಯಾನೇಜರು ಸ್ಟೂಲಿನ ಮೇಲೆ ಹುಡುಗನ ಹಾಗೆ ಮೈ ತಿರುಗಿಸುತ್ತಾನೆ, ಮೊದಲ ಸುತ್ತು ಇವನೇ ಮುಂದೆ, ಕಿರುಬೆರಳು ಗಾಳಿಯಲ್ಲಿದೆ, ಚಹಾ ಕಪ್ಪು ಹಿಡಿದವರ ಹಾಗೆ ಮೇಲಕ್ಕೆ ಎದ್ದು ನಿಂತಿದೆ, ಸೇತುವೆ, ತಿರುವು, ನನ್ನ ಕಾರು ಚೆಂದಾಗಿ ತಿರುಗಿತು. ಎರಡನೇ ಸುತ್ತು, ಇವನೇ ಮುಂದೆ, ಬೆರಳು ಗಾಳಿಯಲ್ಲೇ, ಮತ್ತೆ ತಿರುಗಿತು, ಇವನಿಗೆ ಗೊತ್ತಿಲ್ಲ, ದೇವರೇ ಕೊಟ್ರೇಶಾ, ಇವನಿಗೆ ಗೊತ್ತಿಲ್ಲ, ಕಣ್ಣು ತುಂಬಿ ಪರದೆ ಮಸುಕಾಗುತ್ತಿದೆ, ಎಂಥ ಪಾಪಿ ನಾನು, ಬೆಳಗಿನಿಂದ ಏನೆಲ್ಲ ಅಂದುಕೊಂಡೆ ಇವನ ಬಗ್ಗೆ, ಆಟ ಮುಗಿದ ಮೇಲೆ ಹೇಳಿಬಿಡಬೇಕು, ಲೇ ನಿನ್ನ ಮೇಲೆ ಅನುಮಾನ ಪಟ್ಟೆ, ಹೊಡಿ ನನಗೆ ಅಂತ ಹೇಳಿಬಿಡಬೇಕು, ಸುಮಂಗಲಾಗೂ ಹೇಳಬೇಕು. ಇಬ್ಬರೂ ಕೂತು ಮಿರ್ಚಿ ತಿನ್ನಬೇಕು.

ಮೂರನೇ ಸುತ್ತು, ನಾನು ಹತ್ತಿರ ಬಂದೆ, ಇನ್ನೂ ಹತ್ತಿರ, ಏ ಏ ಏ, ಅನ್ನುತ್ತಾನೆ ಹಂಪೇಶ, ಸೇತುವೆಯ ಮೇಲೆ ಅವನ ಪಕ್ಕಕ್ಕೆ ಬಂದೆ, ದಾಟಿದೆ, ನಾನು ಮುಂದೆ, ಪೂರ್ತಿ ಒಂದು ಕಾರಿನಷ್ಟು ಮುಂದೆ, ಏನೂ ಇಲ್ಲ ಇದರಲ್ಲಿ, ಕೆಲಸವಿಲ್ಲ, ಸಂಬಳವಿಲ್ಲ, ಭಾನುವಾರದ ಮಧ್ಯಾಹ್ನ ಇಬ್ಬರು ನಡುವಯಸ್ಸಿನವರ ಆಟ, ಗೆದ್ದರೆ ಗೆಲ್ಲಲಿ ಬಿಡು ಅನ್ನಬಹುದು, ಅನ್ನು ಹಂಪೇಶಾ, ಒಂದು ಸಲ ಅನ್ನು, ಸೇತುವೆ ಇಳಿದೆ, ತಿರುವು ಬಂತು — ಟಕ್. ಸಣ್ಣ ಸದ್ದು, ಡಿಸ್ಕು ಗರಗರ ಅನ್ನುತ್ತಿದ್ದ ಕಾಲಕ್ಕೆ ಯಾರಿಗೂ ಕೇಳದ ಸದ್ದು, ಎಡ ಬಾಣದ ಮೇಲೆ ನನ್ನ ಬೆರಳಿದೆ, ಒತ್ತಿದೆ, ಗಟ್ಟಿಯಾಗಿ ಒತ್ತಿದೆ, ನಡುಗುತ್ತಿಲ್ಲ, ಒಂದಿಷ್ಟೂ ನಡುಗುತ್ತಿಲ್ಲ, ಕಾರು ನೇರ ಹೋಗುತ್ತಿದೆ, ನೀರು, ಹಂಪೇಶ ನಗುತ್ತಿದ್ದಾನೆ, ಪ್ರೀತಿಯಿಂದಲೇ ನಗುತ್ತಿದ್ದಾನೆ, ಆ ತಿರುವಿನ್ಯಾಗ ನಿನ್ನ ಕೈ ಇನ್ನೂ ನಡುಗತೈತಲ್ಲಲೇ ಹುಲುಗ್ಯಾ, ಅನ್ನುತ್ತಿದ್ದಾನೆ, ಅನ್ನುವಾಗಲೂ ಎತ್ತಿಲ್ಲ, ಎತ್ತಲು ಮರೆತಿದ್ದಾನೆ, ಕೆಲಸವಿಲ್ಲದ ಬಟನ್ನಿನ ಮೇಲೆ, ಮುತ್ತಿನ ಉಂಗುರದ ಆಚೆ, ಒತ್ತಿ ಒತ್ತಿ ಉಗುರು ಬೆಳ್ಳಗಾದ ಕಿರುಬೆರಳು, ಕಿರುಬೆರಳು